ಕುದುರೆಯ ಮೂತ್ರ ತಿಳಿಯಾದರೆ ಯಾಕೆ ಅನುಮಾನ?

ನಿಮ್ಮ ಮುಂದೆ ಎರಡು ಗಾಜಿನ ಬಾಟಲಿಗಳಿವೆ ಅಂದುಕೊಳ್ಳಿ. ಎರಡರಲ್ಲೂ ಇರುವುದು ಕುದುರೆಯ ಮೂತ್ರ. ಮೊದಲನೆಯದು ಹಳದಿ, ಕದಡಿದ ಹಾಗಿದೆ. ಬಗ್ಗಿಸಿದರೆ ಲೋಳೆಯಂತೆ ಎಳೆ ಎಳೆಯಾಗಿ ಬೀಳುತ್ತದೆ. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ತಳದಲ್ಲಿ ಸುಣ್ಣದಂಥ ಗಸಿ ಕೂರುತ್ತದೆ. ಎರಡನೆಯದು ಬಾವಿಯ ನೀರಿನಷ್ಟು ತಿಳಿ. ಇವುಗಳಲ್ಲಿ ಕಾಯಿಲೆ ಇರಬಹುದಾದ ಕುದುರೆ ಯಾವುದು?

ನಿಮ್ಮಲ್ಲಿ ಹೆಚ್ಚಿನವರು ಮೊದಲನೆಯದಕ್ಕೇ ಬೆರಳು ತೋರಿಸುತ್ತೀರಿ. ಅದು ಸಹಜ. ಮನುಷ್ಯರ ಮೂತ್ರ ಹಾಗೆ ಕದಡಿದ್ದರೆ ಡಾಕ್ಟರು ಹುಬ್ಬೇರಿಸುತ್ತಾರೆ. ಆದರೆ ಕುದುರೆಯ ಲೆಕ್ಕವೇ ಬೇರೆ. ಆರೋಗ್ಯವಾದ ದೊಡ್ಡ ಕುದುರೆಯ ಮೂತ್ರ ಕದಡಿಯೇ ಇರುತ್ತದೆ. ನೀರಿನ ಹಾಗೆ ತಿಳಿಯಾಗಿ, ದಿನವೂ ಬಹಳ ಹೋಗುತ್ತಿದ್ದರೆ ಅಲ್ಲಿ ಮೂತ್ರಪಿಂಡದ ಮೇಲೆ, ಅಂದರೆ ಕಿಡ್ನಿಯ ಮೇಲೆ, ಅನುಮಾನ ಶುರುವಾಗುತ್ತದೆ.

ಊಟಿಯ ಕೆರೆಯ ಬಳಿ ಪ್ರವಾಸಿಗರನ್ನು ಹೊತ್ತು ತಿರುಗುವ ಕುದುರೆಗಳನ್ನು ನೀಲಗಿರಿಯ ಮಕ್ಕಳು ನೋಡಿರುತ್ತೀರಿ. ಸೊಲ್ಲಾಪುರದ ಕಡೆಯವರು ಅಕಲೂಜದ ಕುದುರೆ ಸಂತೆಯ ಹೆಸರು ಕೇಳಿರುತ್ತೀರಿ. ದುಡಿಯುವ ಕುದುರೆ ಮಲಗಿಬಿಟ್ಟರೆ ಮನೆಯ ದುಡಿಮೆಯೇ ನಿಂತ ಹಾಗೆ. ಕಷ್ಟ ಏನೆಂದರೆ, ಕಿಡ್ನಿ ಕೆಡುವಾಗ ಕುದುರೆ ಬೇಗ ತೋರಿಸಿಕೊಳ್ಳುವುದಿಲ್ಲ. ಮೈ ಇಳಿಯುತ್ತದೆ, ಮೇವು ಬಿಡುತ್ತದೆ, ಮಂಕಾಗುತ್ತದೆ. ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಅದಕ್ಕೇ ಮೂತ್ರವನ್ನು ಓದಲು ಕಲಿಯಬೇಕು.

ಮೊದಲು ಆ ಕದಡು ಎಲ್ಲಿಂದ ಬಂತು ನೋಡೋಣ. ನಾವು ಹಾಲು ಕುಡಿದಾಗ ನಮ್ಮ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಕುದುರೆಯ ಕರುಳಿಗೆ ಅಂಥ ಲೆಕ್ಕಾಚಾರ ಅಷ್ಟಾಗಿ ಇಲ್ಲ. ಮೇವಿನಲ್ಲಿ ಎಷ್ಟು ಕ್ಯಾಲ್ಸಿಯಂ ಇದೆಯೋ ಅದಕ್ಕೆ ತಕ್ಕಂತೆ ಹೀರಿಕೊಳ್ಳುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಕಿಡ್ನಿಯದ್ದು. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಬಹಳ. ಅದನ್ನು ತಿಂದ ಕುದುರೆಯ ಮೂತ್ರ ಇನ್ನೂ ಕದಡು. ಸೊಪ್ಪು, ಹುಲ್ಲು ತಿನ್ನುವ ಪ್ರಾಣಿಯಾದ್ದರಿಂದ ಮೂತ್ರ ಪ್ರತ್ಯಾಮ್ಲೀಯ, ಪಿಎಚ್ 7.5ರಿಂದ 9ರವರೆಗೂ ಇರುತ್ತದೆ. ಪ್ರತ್ಯಾಮ್ಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನಿಲ್ಲುವುದಿಲ್ಲ, ಹರಳಾಗಿ ಉದುರುತ್ತದೆ. ತಳದಲ್ಲಿ ಕೂತ ಗಸಿ ಅದೇ. ಮೊಟ್ಟೆಯ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ. ಒಂದು ಚೂರು ಚಿಪ್ಪಿನ ಮೇಲೆ ನಿಂಬೆರಸ ಹಾಕಿ ನೋಡಿ, ಬುರುಬುರು ಗುಳ್ಳೆ ಏಳುತ್ತದೆ. ಕುದುರೆ ಮೂತ್ರದ ಗಸಿಗೆ ಆಮ್ಲ ಬಿದ್ದರೂ ಹಾಗೇ ಆಗುತ್ತದೆ. ಲೋಳೆ ಬರುವುದು ಮೂತ್ರಪಿಂಡದ ಒಳಗಿನ ಕುಳಿಯಲ್ಲಿರುವ ಗ್ರಂಥಿಗಳಿಂದ.

ಇನ್ನು ಅಸಲು ವಿಷಯಕ್ಕೆ ಬರೋಣ. ಕಿಡ್ನಿಯ ಕೆಲಸ ರಕ್ತವನ್ನು ಸೋಸುವುದು ಅಂತ ನೀವು ಬರೆಯುತ್ತೀರಿ, ಅದು ಅರ್ಧ ಉತ್ತರ. ಸೋಸಿ ಬಂದ ನೀರಿನಲ್ಲಿ ಬಹುಪಾಲನ್ನು ವಾಪಸ್ ಎಳೆದುಕೊಂಡು ಮೂತ್ರವನ್ನು ಗಟ್ಟಿ ಮಾಡುವುದು ಇನ್ನರ್ಧ. ಈ ಗಟ್ಟಿತನವನ್ನು ಸಾಪೇಕ್ಷ ಸಾಂದ್ರತೆಯಲ್ಲಿ ಅಳೆಯುತ್ತಾರೆ. ನೀರಿನದ್ದು 1.000. ಆರೋಗ್ಯವಾದ ಕುದುರೆಯ ಮೂತ್ರದ್ದು ಸಾಮಾನ್ಯವಾಗಿ 1.020ರಿಂದ 1.050. ರಕ್ತದಿಂದ ಆಗಷ್ಟೇ ಸೋಸಿ ಬಂದ, ಕಿಡ್ನಿ ಇನ್ನೂ ಕೈ ಹಚ್ಚದ ದ್ರವದ್ದು 1.008ರಿಂದ 1.014. ಈ ಕೊನೆಯ ಅಂಕಿಯನ್ನು ನೆನಪಿಡಿ.

ಪಶುವೈದ್ಯರು ಇದನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಪುಟ್ಟ ಉಪಕರಣದಲ್ಲಿ ನೋಡುತ್ತಾರೆ. ಎರಡು ಹನಿ ಸಾಕು. ಕರಗಿದ ವಸ್ತು ಹೆಚ್ಚಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ನೀವು ಓದಿದ ವಕ್ರೀಭವನವೇ. ಉಪಕರಣ ಇಲ್ಲದಿದ್ದರೂ ತತ್ವ ಸರಳ: 50 ಮಿಲೀ ಮೂತ್ರ 52 ಗ್ರಾಂ ತೂಗಿದರೆ ಸಾಂದ್ರತೆ 1.040, 50.5 ಗ್ರಾಂ ತೂಗಿದರೆ 1.010. ಶಾಲೆಯಲ್ಲಿ ಉಪ್ಪುನೀರಿನಲ್ಲಿ ಮಾಡಿ ನೋಡಬಹುದು.

ಈಗ ಒಂದು ಪ್ರಶ್ನೆ. ಬಿಸಿಲಲ್ಲಿ ದುಡಿದ ಕುದುರೆ ಗಂಟೆಗೆ 10 ಲೀಟರ್‌ವರೆಗೂ ಬೆವರು ಸುರಿಸಬಲ್ಲದು. ನೀರು ಸಿಗದೆ ಬಳಲಿದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರಿದೆ. ಕಿಡ್ನಿ ಕೆಟ್ಟಿದೆಯೇ? ರಕ್ತ ಒಂದನ್ನೇ ನೋಡಿದರೆ ಹೇಳಲಾಗದು. ಮೂತ್ರದ ಸಾಂದ್ರತೆ 1.040 ಇದ್ದರೆ ಕಿಡ್ನಿ ಹನಿ ಹನಿ ನೀರನ್ನೂ ಉಳಿಸಲು ಹೆಣಗುತ್ತಿದೆ ಅಂತ ಅರ್ಥ. ಅದು ಕೆಲಸ ಮಾಡುತ್ತಿದೆ, ಕೊರತೆ ನೀರಿನದು. ಅದೇ ಬಳಲಿದ ಕುದುರೆಯ ಮೂತ್ರ 1.010 ಇದ್ದರೆ? ಮೈಯಲ್ಲಿ ನೀರಿಲ್ಲ, ಆದರೂ ಕಿಡ್ನಿ ನೀರನ್ನು ಹಿಡಿದಿಡುತ್ತಿಲ್ಲ. ಸೋಸಿದ್ದು ಸೋಸಿದ ಹಾಗೇ ಹೊರಗೆ ಹೋಗುತ್ತಿದೆ. ಇದು ಕಿಡ್ನಿ ಸೋತ ಲಕ್ಷಣ.

ಹಾಗಾದರೆ 1.004 ಇದ್ದರೆ ಇನ್ನೂ ಕೆಟ್ಟದ್ದೇ? ಇಲ್ಲಿ ಜಾಣರೂ ಎಡವುತ್ತಾರೆ. ಸೋಸಿದ ದ್ರವಕ್ಕಿಂತಲೂ ತೆಳ್ಳಗೆ ಮಾಡಬೇಕಾದರೆ ಕಿಡ್ನಿ ಅದರಿಂದ ಲವಣವನ್ನು ಹೆಕ್ಕಿ ತೆಗೆಯಬೇಕು, ಅದೂ ದುಡಿಮೆಯೇ. ಕುದುರೆ ಸುಮ್ಮನೆ ಬಹಳ ನೀರು ಕುಡಿದಿರಬಹುದು, ಬೇರೆ ಕಾರಣವೂ ಇರಬಹುದು. ತಿಳಿಯಾಗಿ ಕಂಡ ಮಾತ್ರಕ್ಕೆ ಕಾಯಿಲೆ ಅನ್ನಬೇಡಿ, ಅಳೆದು ನೋಡಿ. ಹಾಲು ಕುಡಿಯುವ ಮರಿಯ ಮೂತ್ರವಂತೂ ತೆಳ್ಳಗೇ ಇರುತ್ತದೆ.

ಮೂತ್ರ ಮೊದಲೇ ಎಚ್ಚರಿಸುತ್ತದೆ ಅನ್ನುವುದಕ್ಕೂ ಕಾರಣ ಇದೆ. ಕಿಡ್ನಿಯಲ್ಲಿ ಲಕ್ಷಗಟ್ಟಲೆ ನೆಫ್ರಾನ್‌ಗಳಿವೆ. ಸುಮಾರು ಮೂರರಲ್ಲಿ ಎರಡು ಪಾಲು ಸತ್ತಾಗ ಮೂತ್ರ ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ನಾಲ್ಕರಲ್ಲಿ ಮೂರು ಪಾಲು ಹೋದ ಮೇಲೆ. ಅದಕ್ಕೂ ಮುಂಚೆ ತಿಳಿಯುವ ದಾರಿಯೊಂದಿದೆ. ನೆಫ್ರಾನಿನ ನಳಿಕೆಯ ಗೋಡೆಯ ಕೋಶಗಳಲ್ಲಿ ಜಿಜಿಟಿ ಎಂಬ ಕಿಣ್ವವಿರುತ್ತದೆ. ಕೋಶ ಒಡೆದರೆ ಅದು ನೇರ ಮೂತ್ರಕ್ಕೆ ಬೀಳುತ್ತದೆ. ಜೆಂಟಾಮೈಸಿನ್‌ನಂಥ ಔಷಧ ಕೊಡುವಾಗ ನಳಿಕೆಗೆ ಪೆಟ್ಟಾಗಬಹುದು. ಅಂಥಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಕಾಲುನೋವಿಗೆ ಕೊಡುವ ಫಿನೈಲ್‌ಬ್ಯೂಟಜೋನ್ ಕೂಡ ನೀರು ಕಡಿಮೆಯಾದ ಕುದುರೆಯ ಕಿಡ್ನಿಗೆ ರಕ್ತ ಹರಿಯುವುದನ್ನು ತಗ್ಗಿಸಿ ಹಾನಿ ಮಾಡುತ್ತದೆ. ವೈದ್ಯರನ್ನು ಕೇಳದೆ ನೋವಿನ ಪುಡಿ ತಿನ್ನಿಸುವವರು ನಿಮ್ಮೂರಲ್ಲಿದ್ದರೆ ಈ ಒಂದು ಮಾತು ಹೇಳಿ.

ಬಣ್ಣದ ಪಟ್ಟಿಯ ಪರೀಕ್ಷೆ ನಿಮಗೆ ಗೊತ್ತು, ಆಸ್ಪತ್ರೆಯಲ್ಲಿ ಸಕ್ಕರೆ ನೋಡಲು ಅದ್ದುತ್ತಾರಲ್ಲ, ಅದೇ. ಅದರಲ್ಲಿ ಪ್ರೋಟೀನ್ ಚೌಕವೂ ಇರುತ್ತದೆ. ಸೋಸುವ ಜಾಲರಿ ಹರಿದರೆ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ಚೌಕ ಹಳದಿಯಿಂದ ಹಸಿರಾಗುತ್ತದೆ. ಆದರೆ ಕುದುರೆಯ ವಿಷಯದಲ್ಲಿ ಈ ಪಟ್ಟಿ ಸುಳ್ಳು ಹೇಳುತ್ತದೆ! ಅರಿಶಿನದ ಕಾಗದಕ್ಕೆ ಸಾಬೂನಿನ ನೀರು ಹಾಕಿದರೆ ಕೆಂಪಾಗುತ್ತದಲ್ಲವೇ? ಚೌಕದಲ್ಲಿರುವುದೂ ಅಂಥದ್ದೇ ಒಂದು ಸೂಚಕ. ಜೊತೆಗೆ ಹಾಕಿದ ಆಮ್ಲ ಅದನ್ನು ಹಳದಿಯಾಗಿ ಹಿಡಿದಿರುತ್ತದೆ. ಪ್ರೋಟೀನ್ ಬಂದರೆ ಹಸಿರು. ಮೂತ್ರ ಬಹಳ ಪ್ರತ್ಯಾಮ್ಲೀಯವಾಗಿದ್ದರೆ ಆ ಆಮ್ಲ ಸೋಲುತ್ತದೆ, ಪ್ರೋಟೀನ್ ಇಲ್ಲದೆಯೂ ಹಸಿರು! ಮನುಷ್ಯರಿಗೆಂದು ಮಾಡಿದ ಪಟ್ಟಿಯನ್ನು ಕುದುರೆಗೆ ಕಣ್ಣು ಮುಚ್ಚಿ ಹಚ್ಚಬಾರದು. ಆದ್ದರಿಂದ ಮೂತ್ರದ ಗಸಿ ತೆಗೆದು, ತಿಳಿಗೆ ಸಲ್ಫೋಸ್ಯಾಲಿಸಿಲಿಕ್ ಆಮ್ಲ ಹಾಕಿ ನೋಡುತ್ತಾರೆ. ಮೊಟ್ಟೆಯ ಲೋಳೆಗೆ ಆಮ್ಲ ಬಿದ್ದಾಗ ಬೆಳ್ಳಗಾಗುವ ಹಾಗೆ, ಪ್ರೋಟೀನ್ ಇದ್ದರೆ ಅದು ಮಬ್ಬಾಗುತ್ತದೆ.

ಕೆಂಪು ಬಣ್ಣ ಕಂಡು ಹೆದರುವವರೂ ಇದ್ದಾರೆ. ಹೊರಬರುವಾಗ ಹಳದಿಯಾಗಿದ್ದು, ಲಾಯದ ಹೊಟ್ಟಿನ ಮೇಲೆ ಆಮೇಲೆ ಕೆಂಪು-ಕಂದಾದರೆ ಅದು ಗಾಳಿ ತಾಗಿ ಆದ ಬದಲಾವಣೆ, ಕಾಯಿಲೆಯಲ್ಲ. ಬರುವಾಗಲೇ ಕಾಫಿ ಬಣ್ಣ ಇದ್ದು, ಕುದುರೆ ಸೊಂಟ ಬಿಗಿದು ನಡೆಯಲಾರದೆ ನಿಂತಿದ್ದರೆ ಮಾತ್ರ ತಡಮಾಡಬಾರದು. ಸ್ನಾಯು ಒಡೆದು ಮಯೋಗ್ಲೋಬಿನ್ ಸೋರುತ್ತಿರುತ್ತದೆ, ಅದು ಕಿಡ್ನಿಯನ್ನೇ ಕೆಡಿಸುತ್ತದೆ. ಹೆಚ್ಚು ದಾಣಿ ತಿಂದು ಒಂದೆರಡು ದಿನ ಸುಮ್ಮನೆ ನಿಂತು, ಮತ್ತೆ ಕೆಲಸಕ್ಕೆ ಹೂಡಿದ ದಿನ ಇದು ಬರುವುದುಂಟು.

ಮೂತ್ರ ಹಿಡಿಯುವುದೂ ಒಂದು ಕಲೆ. ಹೊಸ ಹುಲ್ಲು ಹಾಸಿದ ಲಾಯಕ್ಕೆ ಬಿಟ್ಟರೆ ಅನೇಕ ಕುದುರೆಗಳು ಸ್ವಲ್ಪ ಹೊತ್ತಿಗೇ ಹೊಯ್ಯುತ್ತವೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಸ್ವಚ್ಛ ಬಾಟಲಿಯಲ್ಲಿ ಹಿಡಿದು, ಆದಷ್ಟು ಬೇಗ ಪರೀಕ್ಷೆಗೆ ಕೊಡಬೇಕು. ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟ ಮೇಲೆ ಹಿಡಿದದ್ದು ತೆಳ್ಳಗಿರುತ್ತದೆ, ಅದನ್ನು ನಂಬಬಾರದು. ಇದು ದೊಡ್ಡವರ ಕೆಲಸ. ಕುದುರೆಯ ಹಿಂದೆ ಹೋಗಿ ಒದೆ ತಿನ್ನಬೇಡಿ, ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಈಗ ನಿಮ್ಮ ಸರದಿ. ಕುದುರೆಯ ಕ್ರಿಯಾಟಿನಿನ್ ಸಾಮಾನ್ಯವಾಗಿ ಡೆಸಿಲೀಟರಿಗೆ 2 ಮಿಲಿಗ್ರಾಂ ಒಳಗೆ. ಮೂರು ಕುದುರೆಗಳ 50 ಮಿಲೀ ಮೂತ್ರ ತೂಗಿದ್ದೇವೆ ಅಂದುಕೊಳ್ಳಿ. ಕರಿಯ: ಕ್ರಿಯಾಟಿನಿನ್ 3.2, ತೂಕ 52.1 ಗ್ರಾಂ. ಬಿಳಿಯ: ಕ್ರಿಯಾಟಿನಿನ್ 3.2, ತೂಕ 50.55 ಗ್ರಾಂ. ಕೆಂದ: ಕ್ರಿಯಾಟಿನಿನ್ 1.3, ತೂಕ 50.2 ಗ್ರಾಂ. ಮೂರರ ಸಾಂದ್ರತೆ ಲೆಕ್ಕ ಹಾಕಿ. ಕಿಡ್ನಿ ಸೋತಿರುವುದು ಯಾವುದರಲ್ಲಿ, ಬಾಯಾರಿರುವುದು ಯಾವುದು? ಕಾರಣ ಬರೆದು ನಿಮ್ಮ ವಿಜ್ಞಾನ ಮೇಷ್ಟ್ರಿಗೋ ಟೀಚರಿಗೋ ತೋರಿಸಿ.