ಮನೆಗೆ ಯಾವ ಗೀಸರ್? ಲೆಕ್ಕ ಹಾಕಿ ನೋಡೋಣ

ಪ್ರಥಮ ಪಿಯುಸಿಯಲ್ಲಿ ವಿಶಿಷ್ಟ ಉಷ್ಣದ ಪಾಠ ಮುಗಿಸಿದಾಗಲೆಲ್ಲ ನನ್ನ ಮುಂದೆ ಬರುವ ಪ್ರಶ್ನೆ ಒಂದೇ: "ಸರ್, ಮನೆಗೆ ಯಾವ ಗೀಸರ್ ಒಳ್ಳೆಯದು?" ಎಲ್ಲ ಮನೆಗೂ ಹೊಂದುವ ಉತ್ತರ ಇದಕ್ಕಿಲ್ಲ. ಆದರೆ ಪಾಠದ ಒಂದು ಸೂತ್ರ ನೆನಪಿದ್ದರೆ ನಿಮ್ಮ ಮನೆಯ ಉತ್ತರವನ್ನು ನೀವೇ ಕಂಡುಕೊಳ್ಳಬಹುದು.

ಒಂದು ಲೀಟರ್ ನೀರಿನ ತಾಪವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಒಬ್ಬರ ಸ್ನಾನಕ್ಕೆ 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಬೇಕು ಎಂದಿಟ್ಟುಕೊಳ್ಳಿ. 20 × 4.2 × 15 = 1260 ಕಿಲೋಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 3600 ಕಿಲೋಜೂಲ್. ಹಾಗಾಗಿ ಒಂದು ಬಕೆಟಿಗೆ 0.35 ಯೂನಿಟ್. ಕಾಯಿಲ್ ಇರುವ ಯಾವ ಗೀಸರ್ ತಂದರೂ ಇದಕ್ಕಿಂತ ಕಡಿಮೆಯಾಗದು. ವ್ಯತ್ಯಾಸ ಬರುವುದು ಸಮಯ, ನಷ್ಟ ಮತ್ತು ಸುರಕ್ಷತೆಯಲ್ಲಿ.

ಇನ್‌ಸ್ಟಂಟ್ ಗೀಸರ್: 3 ಕಿಲೋವ್ಯಾಟಿನದಾದರೆ ಸೆಕೆಂಡಿಗೆ 3 ಕಿಲೋಜೂಲ್ ಕೊಡುತ್ತದೆ. ಮೇಲಿನ ಬಕೆಟ್ ತುಂಬಲು 7 ನಿಮಿಷ. ನಳ್ಳಿಯನ್ನು ಪೂರ್ತಿ ತಿರುಗಿಸಿದರೆ ನೀರು ಉಗುರುಬೆಚ್ಚಗೂ ಆಗದಿರಬಹುದು. ಆದರೆ ಕಾದ ನೀರು ಉಳಿದು ತಣಿಯುವ ನಷ್ಟ ಕಡಿಮೆ. ಇಬ್ಬರೇ ಇರುವ ಮನೆಗೆ, ಅಡುಗೆಮನೆಗೆ, ಚಳಿಗಾಲದ ಮುಂಜಾನೆಯ ವುಝೂಗೆ ಇದು ಸಾಕು. ಇದು ಸುಮಾರು 13 ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ಸಾಕೆಟ್, ದಪ್ಪ ವಯರ್, ಸರಿಯಾದ ಅರ್ಥಿಂಗ್ ಇರಲೇಬೇಕು.

ಸ್ಟೋರೇಜ್ ಗೀಸರ್: 15 ಲೀಟರ್, 2 ಕಿಲೋವ್ಯಾಟಿನದು 60 ಡಿಗ್ರಿಗೆ ಕಾಯಲು ಸುಮಾರು 18 ನಿಮಿಷ ಬೇಕು. ಅದಕ್ಕೆ 20 ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ನೀರು ಸಿಗುತ್ತದೆ. ದಿನವಿಡೀ ಸ್ವಿಚ್ ಹಾಕಿಟ್ಟರೆ ಟ್ಯಾಂಕಿನಿಂದ ಸೋರುವ ಉಷ್ಣಕ್ಕೂ ನೀವೇ ಬಿಲ್ ಕಟ್ಟಬೇಕು. ಕೊಳ್ಳುವಾಗ ಸ್ಟಾರ್ ನೋಡುವುದು ಇದಕ್ಕಾಗಿಯೇ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕಾಯಿಲಿನ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ಆಗಾಗ ಸರ್ವಿಸ್ ಮಾಡಿಸಬೇಕು.

ಗ್ಯಾಸ್ ಗೀಸರ್: ಬೇಗ ಕಾಯುತ್ತದೆ, ಕರೆಂಟ್ ಹೋದರೂ ನಡೆಯುತ್ತದೆ. ಆದರೆ ಇದನ್ನು ಬಚ್ಚಲುಮನೆಯ ಒಳಗೆ ಎಂದೂ ಹಾಕಿಸಬೇಡಿ. ಬಾಗಿಲು, ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಆಮ್ಲಜನಕ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. "ವಾಸನೆ ಬಂದರೆ ಗೊತ್ತಾಗುತ್ತದಲ್ಲ" ಎಂದು ಕೆಲವರು ಹೇಳುತ್ತಾರೆ. ಸಿಲಿಂಡರಿನ ಗ್ಯಾಸಿಗೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ; ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು ಬಂದರೆ ತಕ್ಷಣ ಹೊರಗೆ ಬನ್ನಿ. ಒಳಗಿರುವವರು ಕರೆದರೂ ಓಗೊಡದಿದ್ದರೆ ಕಾಯುತ್ತಾ ನಿಲ್ಲಬೇಡಿ.

ಸೋಲಾರ್: ಕಾದ ನೀರು ಹಗುರ, ತಣ್ಣೀರು ಭಾರ. ಹೀಗಾಗಿ ಪಂಪ್ ಇಲ್ಲದೆಯೇ ಬಿಸಿನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಹಾಕಿಸುವಾಗ ಖರ್ಚು ಹೆಚ್ಚು, ನಂತರ ಇಂಧನ ಪುಕ್ಕಟೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಇದನ್ನೇ ನಂಬಿ ಕೂರಲಾಗದು. ಜೊತೆಗೆ ಬೇರೊಂದು ವ್ಯವಸ್ಥೆ ಬೇಕು.

ತೆಂಗಿನ ಮಡಲು, ಸಿಪ್ಪೆ ಧಾರಾಳವಾಗಿರುವ ಮನೆಗಳಲ್ಲಿ ಇಂದಿಗೂ ಹಂಡೆಯೇ ಅಗ್ಗ. ಆದರೆ ಆ ಲೆಕ್ಕದಲ್ಲಿ ದಿನಾ ಒಲೆ ಊದುವ ಅಮ್ಮನ ಶ್ವಾಸಕೋಶವನ್ನೂ ಸೇರಿಸಿ. ಒಲೆಯಾದರೂ ಹೊಗೆ ಹೊರಹೋಗುವ ಕೊಳವೆ ಇರಲಿ.

ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಒಂದು ಮಾತು: ಬಕೆಟಿಗೆ ಇಳಿಬಿಡುವ ಹೀಟರ್ ರಾಡನ್ನು ಬಳಸುವ ಮನೆಗಳಿವೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು ಎಂಬುದನ್ನು ಊರಿಗೆ ಹೋದಾಗ ತಮ್ಮ ತಂಗಿಯರಿಗೂ ಹೇಳಿಕೊಡಿ.

ಈ ವಾರದ ಕೆಲಸ ಇದು. ಮನೆಯಲ್ಲಿ ದಿನಕ್ಕೆ ಎಷ್ಟು ಬಕೆಟ್ ಬಿಸಿನೀರು ಬೇಕು ಎಂದು ಎಣಿಸಿ, ಯೂನಿಟ್ ಲೆಕ್ಕ ಹಾಕಿ ತನ್ನಿ. ಗ್ಯಾಸ್ ಗೀಸರ್ ಇದ್ದರೆ ಅದು ಗೋಡೆಯ ಯಾವ ಕಡೆಗಿದೆ ಎಂದೂ ಬರೆಯಿರಿ.