ಕೆಂಪು ಗುಂಡಿ ಒತ್ತದವರಿಗಾಗಿ

ಪುಟ್ಟೀ, ಜರ್ಮನಿಯ ಚಾನೆಲ್ಲೊಂದರ ಟೀವಿ ಆ್ಯಪ್ ಟೆಸ್ಟ್ ಮಾಡುವ ಕೆಲಸಕ್ಕೆ ಸೇರಿದ್ದೀಯಂತೆ, ಅಣ್ಣ ಫೋನಿನಲ್ಲಿ ಹೇಳಿದ. ಸೆಟ್‌ಟಾಪ್ ಬಾಕ್ಸುಗಳ ನಡುವೆಯೇ ತಲೆ ನರೆತವನು ನಾನು. ನಿನ್ನ ಟ್ರೈನಿಂಗಿನಲ್ಲಿ ಹೇಳದೆ ಬಿಟ್ಟಿರಬಹುದಾದ ಕೆಲವನ್ನು ಬರೆಯುತ್ತಿದ್ದೇನೆ.

ಟೀವಿ ಆ್ಯಪ್‌ಗಳಿಗೆ ಅಲ್ಲಿಯ ಪದ್ಧತಿ ಎಚ್‌ಬಿಬಿಟೀವಿ, 2010ರಲ್ಲಿ ಯುರೋಪಿನ ಮಾನದಂಡವಾಗಿ ಬಂದದ್ದು. ಚಾನೆಲ್ ಹಾಕಿದೊಡನೆ ಪ್ರಸಾರದ ಸಿಗ್ನಲ್ಲಿನ ಒಳಗಿಂದಲೇ ಎಐಟಿ ಎಂಬ ಪಟ್ಟಿ ಟೀವಿಗೆ ಸಿಗುತ್ತದೆ. ಅದರಲ್ಲಿ ಆ್ಯಪ್‌ನ ವಿಳಾಸ ಇರುತ್ತದೆ. ಟೀವಿ ಇಂಟರ್ನೆಟ್ಟಿನಿಂದ ಅದನ್ನು ತಂದು, ತಾನೇ ಚಾಲೂ ಮಾಡಿ, ಪರದೆಯ ಮೂಲೆಯಲ್ಲಿ ಆ್ಯಪ್ ತೆರೆಯಲು ಒತ್ತಬೇಕಾದ ರಿಮೋಟಿನ ಕೆಂಪು ಗುಂಡಿಯ ಗುರುತು ತೋರಿಸಿ ಸುಮ್ಮನಾಗುತ್ತದೆ. ಗುರುತು ಮರೆಯಾದರೂ ಆ್ಯಪ್ ಒಳಗೆ ಓಡುತ್ತಲೇ ಇರುತ್ತದೆ. ಸುದ್ದಿಯನ್ನೋ ಫುಟ್‌ಬಾಲನ್ನೋ ನೋಡಲು ಕೂತು, ಆ ಗುಂಡಿಯ ತಂಟೆಗೇ ಹೋಗದವರ ಮನೆಯಲ್ಲೂ ನಿನ್ನ ಆ್ಯಪ್ ಕರೆಯದೆ ಬಂದ ನೆಂಟನ ಹಾಗೆ ಕೂತಿರುತ್ತದೆ. ನಿನ್ನ ಟೆಸ್ಟ್ ಪಟ್ಟಿಯ ಮೊದಲ ಪುಟ ಅವರಿಗೆ ಸೇರಬೇಕು.

ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ. ಮೆನು ತೆರೆಯಿತೇ, ವಿಡಿಯೊ ಓಡಿತೇ, ಬಣ್ಣ ಡಿಸೈನಿನಂತೆ ಇದೆಯೇ ಎಂದು ನೋಡುವುದರಲ್ಲೇ ವಾರ ಕಳೆಯುತ್ತದೆ. ನೀನು ಮೊದಲು ಟೀವಿಯ ನೆಟ್‌ವರ್ಕ್ ಕೇಬಲ್ ಕಿತ್ತು ನೋಡು. ಸರ್ವರು ಉತ್ತರಿಸದಿದ್ದಾಗ, ಅರ್ಧ ಉತ್ತರಿಸಿ ನಿಂತಾಗ, ತೀರಾ ನಿಧಾನವಾದಾಗ ಕಾರ್ಯಕ್ರಮ ಅಡೆತಡೆಯಿಲ್ಲದೆ ಮುಂದುವರಿಯಬೇಕು. ಆ್ಯಪ್ ಲೋಡ್ ಆಗುತ್ತಿರುವಾಗಲೇ ಚಾನೆಲ್ ಬದಲಿಸು, ಬೇಗಬೇಗ, ಮಕ್ಕಳು ರಿಮೋಟ್ ಹಿಡಿದಂತೆ. ಗುಂಡಿ ಒತ್ತುವ ಮೊದಲೇ ಆ್ಯಪ್ ಅಂಕಿಯ ಕೀಲಿಗಳನ್ನೋ ಬಾಣದ ಕೀಲಿಗಳನ್ನೋ ತನ್ನದಾಗಿಸಿಕೊಂಡಿದೆಯೇ ನೋಡು. ಗುಂಡಿ ಒತ್ತಿ ಒಳಹೋದವರು ಹೊರಬಂದಾಗ ಪೂರ್ತಿ ಚಿತ್ರವೂ ಧ್ವನಿಯೂ ಮರಳಬೇಕು. ವಿಡಿಯೊವನ್ನು ಚಿಕ್ಕದು ಮಾಡಿ ಮೂಲೆಗೆ ತಳ್ಳಿದ ಪುಟಗಳಲ್ಲಿ ಇದು ಆಗಾಗ ಕೈಕೊಡುತ್ತದೆ.

ದೊಡ್ಡ ಪಂದ್ಯದ ದಿನ ಲಕ್ಷಾಂತರ ಟೀವಿಗಳು ಒಂದೇ ನಿಮಿಷದಲ್ಲಿ ಅದೇ ಚಾನೆಲ್ಲಿಗೆ ಬರುತ್ತವೆ, ಒತ್ತಿದವರದೂ ಒತ್ತದವರದೂ ಎಲ್ಲವೂ ನಿಮ್ಮ ಸರ್ವರಿನ ಬಾಗಿಲು ತಟ್ಟುತ್ತವೆ. ಲೋಡ್ ಲೆಕ್ಕ ಹಾಕುವವರು ಗುಂಡಿ ಒತ್ತಿದವರನ್ನು ಮಾತ್ರ ಎಣಿಸಿದ್ದರೆ ಆ ಲೆಕ್ಕವನ್ನು ಒಪ್ಪಬೇಡ.

ಹಿಂದೆ ಬ್ರಿಟನ್ನಿನಲ್ಲಿ ಎಂಹೆಗ್-5 ಎಂಬ ಪದ್ಧತಿಯಿತ್ತು. ಅಲ್ಲಿ ಆ್ಯಪ್‌ನ ಫೈಲುಗಳೇ ಪ್ರಸಾರದೊಳಗೆ ಮತ್ತೆ ಮತ್ತೆ ಸುತ್ತುತ್ತಿದ್ದವು, ಬಾಕ್ಸು ತನಗೆ ಬೇಕಾದ ಫೈಲಿನ ಸರದಿ ಬರುವತನಕ ಕಾಯಬೇಕಿತ್ತು. ಒಂದು ಚಿತ್ರ ದಪ್ಪವಾದರೆ ಎಲ್ಲರಿಗೂ ತಡ. ಆ ಕಾಲದವರು ಕಿಲೋಬೈಟ್ ಎಣಿಸಿ ಬದುಕಿದರು. ಈಗಿನವರಿಗೆ ಆ ಜಿಪುಣತನ ಸ್ವಲ್ಪ ಅಂಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಕಂಪ್ಯೂಟರಿನ ಸಿಮ್ಯುಲೇಟರನ್ನು ಬೆಳಗಿನ ಕೆಲಸಕ್ಕೆ ಇಟ್ಟುಕೋ, ಒಪ್ಪಿಗೆ ಕೊಡಲು ಅದು ಸಾಲದು. ಹಳೆಯ ಎಚ್‌ಬಿಬಿಟೀವಿ ಪುಟಗಳು ಎಕ್ಸ್‌ಎಚ್‌ಟಿಎಮ್‌ಎಲ್‌ನಲ್ಲಿರುತ್ತವೆ. ಮುಚ್ಚದ ಒಂದು ಟ್ಯಾಗನ್ನು ಒಂದು ಕಂಪನಿಯ ಟೀವಿ ಕ್ಷಮಿಸಿದರೆ ಇನ್ನೊಂದು ಖಾಲಿ ಪರದೆ ತೋರಿಸುತ್ತದೆ. ಎಚ್‌ಟಿಎಮ್‌ಎಲ್5 ತಂದ 2.0 ಆವೃತ್ತಿ 2015ರದು. ಅದಕ್ಕಿಂತ ಮೊದಲು ಕೊಂಡ ಸೆಟ್ಟುಗಳನ್ನು ಜನ ಗೋಡೆಯಿಂದ ಇಳಿಸಿಬಿಟ್ಟಿಲ್ಲ. ಲ್ಯಾಬಿನಲ್ಲಿ ಜಾಗ ಇಲ್ಲವೆಂದು ಯಾರಾದರೂ ಹಳೆ ಟೀವಿಗಳನ್ನು ಗುಜರಿಗೆ ಹಾಕಲು ಬಂದರೆ ಜಗಳವಾಡಿಯಾದರೂ ಉಳಿಸಿಕೋ. ಅವುಗಳಲ್ಲೇ ಆ್ಯಪ್ ಅನ್ನು ರಾತ್ರಿಯಿಡೀ ಓಡಲು ಬಿಡು. ಮೆಮೊರಿ ಸೋರುವುದು ಐದು ನಿಮಿಷದ ಟೆಸ್ಟಿನಲ್ಲಿ ಕಾಣುವುದಿಲ್ಲ. ಟೀವಿಯ ಮೇಲಿನ ಎಚ್‌ಬಿಬಿಟೀವಿ ಚಿಹ್ನೆಯನ್ನೂ ನಂಬಿ ಕೂರಬೇಡ. ಅದು ತಯಾರಕರು ತಮ್ಮ ಟೀವಿಯ ಬಗ್ಗೆ ಹೇಳುವ ಮಾತು, ನಿನ್ನ ಆ್ಯಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಷಯ, ಇದನ್ನು ಟೆಸ್ಟರುಗಳು ವಕೀಲರ ಕೆಲಸವೆಂದು ಬಿಟ್ಟುಬಿಡುತ್ತಾರೆ. ಗುಂಡಿ ಒತ್ತದಿದ್ದರೂ ಚಾನೆಲ್ಲಿಗೆ ನೋಡುಗರ ಸುಳಿವು ಹೋಗುತ್ತದೆ ಎಂದು ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದರು. 2018ರಿಂದ ಯುರೋಪಿನ ಡೇಟಾ ರಕ್ಷಣೆಯ ಕಾನೂನು ಇನ್ನೂ ಬಿಗಿ. ಟೀವಿಗೂ ರೌಟರಿಗೂ ನಡುವೆ ಕೂತು, ಗುಂಡಿ ಮುಟ್ಟುವ ಮೊದಲು ಏನೇನು ಹೊರಗೆ ಹೋಗುತ್ತಿದೆ ಎಂದು ಸಾಲುಸಾಲಾಗಿ ಓದು. ಯಾರೂ ವಿವರಿಸಲಾಗದ ಒಂದು ವಿಳಾಸ ಕಂಡರೂ ಅದನ್ನು ಬಗ್ ಎಂದೇ ಬರೆ. “ಅನಾಲಿಟಿಕ್ಸ್ ಅಷ್ಟೇ” ಎಂದು ಯಾರಾದರೂ ಅಂದರೆ, ಆ ಮಾತನ್ನೂ ಅಂದವರ ಹೆಸರನ್ನೂ ಅದೇ ಬಗ್‌ನ ಕೆಳಗೆ ಸೇರಿಸು.

ರಿಪೋರ್ಟಿನಲ್ಲಿ “ಪಾಸ್” ಎಂದು ಬರೆದು ಕೈ ತೊಳೆದುಕೊಳ್ಳಬೇಡ. ಯಾವ ಮಾಡೆಲ್ಲು, ಯಾವ ಸಾಫ್ಟ್‌ವೇರ್ ಆವೃತ್ತಿ, ಲ್ಯಾಬಿನ ರೆಕಾರ್ಡ್ ಮಾಡಿದ ಸಿಗ್ನಲ್ಲೋ ನಿಜವಾದ ಪ್ರಸಾರವೋ, ಎಲ್ಲ ಇರಲಿ. ಯಾವುದನ್ನು ಟೆಸ್ಟ್ ಮಾಡಲಿಲ್ಲ ಎಂಬುದಕ್ಕೂ ಒಂದು ಸಾಲು ಇರಲಿ. ಮ್ಯಾನೇಜರಿಗೆ ಆ ಸಾಲು ಇಷ್ಟವಾಗುವುದಿಲ್ಲ, ಆದರೂ ಬರೆ.

ಜರ್ಮನಿಯಲ್ಲಿ ಸಂಜೆಯ ಮುಖ್ಯ ಕಾರ್ಯಕ್ರಮ ಶುರುವಾಗುವುದು 8.15ಕ್ಕೆ. ನಮಗೆ ಅದು ಬೇಸಿಗೆಯಲ್ಲಿ ರಾತ್ರಿ 11.45, ಚಳಿಗಾಲದಲ್ಲಿ 12.45. ಬಿಡುಗಡೆಯ ದಿನ ಆ ಹೊತ್ತಿಗೆ ಎಚ್ಚರವಾಗಿರು, ಅಲ್ಲಿ ನಿಜವಾದ ಟೀವಿಯ ಮುಂದೆ ಒಬ್ಬರನ್ನು ಕೂರಿಸು. ಏನಾದರೂ ಕೆಟ್ಟು ಎಐಟಿಯಿಂದ ಆ್ಯಪ್ ಅನ್ನು ತೆಗೆದರೆ ಟೀವಿಗಳು ಅದನ್ನು ನಿಲ್ಲಿಸಬೇಕು. ಈ ತೆಗೆಯುವ ಕೆಲಸವನ್ನು ಪ್ರಸಾರಕ್ಕೆ ಮೊದಲೇ ಹಳೆ ಸೆಟ್ಟುಗಳ ಮೇಲೆ ಮಾಡಿಸಿ ನೋಡು. ಹಾಗೆಯೇ ಅಲ್ಲಿ ಆ ರಾತ್ರಿ ಅದನ್ನು ತೆಗೆಯುವ ಅಧಿಕಾರ ಯಾರಿಗಿದೆ ಎಂದು ಕೇಳಿ ತಿಳಿದುಕೊಂಡು, ಅವರ ಮೊಬೈಲ್ ನಂಬರ್ ಬರೆದಿಟ್ಟುಕೋ. ಇಮೇಲ್ ವಿಳಾಸ ಕೊಟ್ಟರೆ ಬೇಡ ಅನ್ನು, ನಂಬರೇ ಕೇಳು.