ಬೇಡ ಎನ್ನುವವರು ಸೆಟ್ಟಿನಲ್ಲಿರಲಿ

ಮೇಘಾ,

ನಿನ್ನ ಡಿಪ್ಲೊಮಾ ಫಿಲ್ಮಿನ ಸ್ಕ್ರಿಪ್ಟ್ ಓದಿದೆ. ಕಥೆ ಗಟ್ಟಿಯಾಗಿದೆ. ಆದರೆ ಏಳನೇ ಸೀನಿನಲ್ಲಿ ‘ಹುಡುಗ ಕೆರೆಗೆ ಹಾರುತ್ತಾನೆ’ ಎಂದಷ್ಟೇ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದವನಿಗೆ ಇಂಥ ಸಾಲು ಕಂಡರೆ ನಿದ್ದೆ ಬರುವುದಿಲ್ಲ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಸಿನಿಮಾದ ಕ್ಲೈಮ್ಯಾಕ್ಸ್ ಶೂಟಿಂಗ್ ನಡೆದಿತ್ತು. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್, ಉದಯ್ ಇಬ್ಬರೂ ಮುಳುಗಿ ಸತ್ತರು. ಲೈಫ್ ಜಾಕೆಟ್ ಇರಲಿಲ್ಲ. ತಮಗೆ ಈಜು ಅಷ್ಟಾಗಿ ಬಾರದೆಂದು ಹಾರುವ ಮೊದಲೇ ಟಿವಿಯವರೆದುರು ಹೇಳಿಕೊಂಡಿದ್ದರು. ಆದರೂ ಶಾಟ್ ನಡೆಯಿತು.

ನಿನ್ನ ಯೂನಿಟ್ಟಿನಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು. ದುಡ್ಡು ಪಡೆಯುವ ಸ್ಟಂಟ್‌ಮ್ಯಾನ್ ಆಳ ಎಷ್ಟು, ದೋಣಿ ಎಲ್ಲಿ ಎಂದು ಕೇಳುತ್ತಾನೆ. ಸ್ನೇಹಕ್ಕೆ ಕಟ್ಟುಬಿದ್ದು ಪುಕ್ಕಟೆ ನಟಿಸಲು ಬಂದ ಸಹಪಾಠಿ ‘ಆಯ್ತು, ಮಾಡ್ತೀನಿ’ ಎನ್ನುತ್ತಾನೆ. ನಿನಗೋ ಮಾನಿಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೆಳಕು ಜಾರುತ್ತಿದೆ, ಇನ್ನೊಂದೇ ಟೇಕ್ ಎನ್ನುತ್ತಿರುತ್ತೀಯ. ಹಾಗಾಗಿ ಬೇಡ ಎನ್ನಲು ಒಬ್ಬರನ್ನು ನೇಮಿಸು. ಅವರಿಗೆ ಬೇರೆ ಕೆಲಸ ಕೊಡಬೇಡ. ಅವರು ನಿಲ್ಲಿಸಿ ಎಂದರೆ ನಿರ್ದೇಶಕಿಯೂ ನಿಲ್ಲಿಸಬೇಕು, ವಾದವನ್ನು ಆಮೇಲೆ ಮಾಡಬೇಕು. ಸಂಕೋಚದ ಜೂನಿಯರ್ ಹುಡುಗ ಈ ಕೆಲಸಕ್ಕೆ ಆಗುವುದಿಲ್ಲ, ಬಾಯಿ ಜೋರಿರುವವರನ್ನೇ ಹುಡುಕು.

ಇನ್ನು ಕೆರೆ. ಮೇಲಿನಿಂದ ನೋಡಿದರೆ ಶಾಂತವಾಗಿರುತ್ತದೆ. ಒಳಗೆ ಮೊಣಕಾಲುದ್ದ ಹೂಳು, ಅದರ ಪಕ್ಕದಲ್ಲೇ ಮಣ್ಣು ತೆಗೆದ ಆಳೆತ್ತರದ ಗುಂಡಿ. ಊರಿನ ಮೀನುಗಾರನನ್ನು ಕೇಳು, ಗಳು ಹಿಡಿದು ತೋರಿಸುತ್ತಾನೆ. ಅಷ್ಟಕ್ಕೂ ಹುಡುಗ ಹಾರಲೇಬೇಕೆ? ಕಲ್ಲಿನ ಮೇಲಿನ ಅವನ ಕಾಲು, ನೀರಿನ ಸದ್ದು, ದಡದಲ್ಲಿರುವ ತಂಗಿಯ ಮುಖ. ಎಡಿಟಿಂಗ್ ಕಲಿಸಿದ್ದು ಮತ್ತೆ ಯಾತಕ್ಕೆ!

ಲೊಕೇಶನ್ ನೋಡಲು ಹೋದಾಗ ತಲೆಯೆತ್ತಿಯೂ ನೋಡು. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ‘ಲವ್ ಯು ರಚ್ಚು’ ಶೂಟಿಂಗಿನಲ್ಲಿ ಕ್ರೇನ್ ಬಳಸಿ ಸಾಹಸ ದೃಶ್ಯ ತೆಗೆಯುವಾಗ ಹೈಟೆನ್ಷನ್ ತಂತಿಯ ವಿದ್ಯುತ್ ತಗುಲಿ ಸಾಹಸ ಕಲಾವಿದನೊಬ್ಬ ಜೀವ ಬಿಟ್ಟ. ನಿನ್ನ ಹತ್ತಿರ ಕ್ರೇನ್ ಇರಲಿಕ್ಕಿಲ್ಲ. ಆದರೆ ಅಲ್ಯುಮಿನಿಯಂ ಏಣಿ, ಉದ್ದನೆಯ ಬೂಮ್ ಕೋಲು ಇದ್ದೇ ಇರುತ್ತವೆ. ತಂತಿಯ ಕೆಳಗೆ ಎರಡನ್ನೂ ಎತ್ತಕೂಡದು. ಹತ್ತಿರದ ಆಸ್ಪತ್ರೆ ಎಲ್ಲಿದೆ, ಶೂಟಿಂಗ್ ಜಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನು ಅದೇ ದಿನ ನೋಡಿಕೊಂಡು ಕಾಲ್‌ಶೀಟಿನಲ್ಲಿ ಬರೆಸು.

ಪ್ಯಾಕಪ್ ಆದಮೇಲೂ ಕೆಲಸ ಮುಗಿಯುವುದಿಲ್ಲ, ಹೋಗಿಬರುವ ದಾರಿಯನ್ನೂ ನೋಡಿಕೊಳ್ಳಬೇಕು. ನಟ, ನಿರ್ದೇಶಕ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಶೂಟಿಂಗಿಗೆ ಹೊರಟ ದಾರಿಯಲ್ಲಿ. ರಾತ್ರಿಯಿಡೀ ಲೈಟು ಹೊತ್ತ ಹುಡುಗರನ್ನು ಬೆಳಗಿನ ಜಾವ ಬೈಕಿನಲ್ಲಿ ಬೆಂಗಳೂರಿಗೆ ಕಳಿಸಬೇಡ. ಅಲ್ಲೇ ಶಾಲೆಯಲ್ಲೋ ಛತ್ರದಲ್ಲೋ ಮಲಗಲು ಜಾಗ ಮಾಡು. ದುಡ್ಡು ಕಮ್ಮಿ ಬಿದ್ದರೆ ನನಗೆ ಫೋನ್ ಮಾಡು. ಕ್ಯಾಮೆರಾ ಬಾಡಿಗೆಗೆ ಕೇಳಿದರೆ ಕೊಡುವುದಿಲ್ಲ, ಇದಕ್ಕಾದರೆ ಕೊಡುತ್ತೇನೆ.

ನಿನ್ನ ದೊಡ್ಡಪ್ಪ